ಎರಡು ಬಾಯಿಯ ಪೆಟ್ಟಿಗೆ

ಸೇಲಂ ಟೆಲಿಫೋನ್ ಟ್ರಂಕ್ ಎಕ್ಸ್‌ಚೇಂಜಿನಿಂದ ನಿವೃತ್ತರಾದ ಪುರಂದರರಾಯರಿಗೆ ಜೀವನದಲ್ಲಿ ಉಳಿದಿದ್ದ ಆಸೆ ಒಂದೇ. ಅಗ್ರಹಾರದ ತಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಮೇಜಿನ ಮುಂದೆ ಕಾಲು ಚಾಚಿ ಕೂತು, ಎರಡೂ ಕಿವಿ ತುಂಬುವಷ್ಟು ಪಿಟೀಲು ಕೇಳಬೇಕು. ಸರ್ವಿಸಿನ ಉದ್ದಕ್ಕೂ ಅವರ ಬಲಗಿವಿಯಲ್ಲಿ ಊರವರ ಮಾತೇ ತುಂಬಿತ್ತು. ಮಂಡಿಯವರ ಜಗಳ, ಏರ್ಕಾಡಿನ ಎಸ್ಟೇಟಿನವರ ಗೊಣಗಾಟ, ಹೆರಿಗೆಯ ಸುದ್ದಿ, ಸಾವಿನ ಸುದ್ದಿ, ಇವೆಲ್ಲದರ ನಡುವೆ ‘ಹಲೋ, ಕೇಳಿಸ್ತಾ ಇಲ್ಲ’ ಎನ್ನುವ ಕೂಗು. ಎಕ್ಸ್‌ಚೇಂಜಿನಲ್ಲಿ ಅವರು ಹಾಕಿಕೊಳ್ಳುತ್ತಿದ್ದ ಹೆಡ್‌ಸೆಟ್ಟು ಒಂದೇ ಕಿವಿಯದು. ಎಡಗಿವಿ ಪಕ್ಕದಲ್ಲಿ ಕೂತವರ ಹರಟೆಗೆ ಮೀಸಲು. ತಮ್ಮ ಎಡಗಿವಿಗೆ ಬಹಳ ಅನ್ಯಾಯವಾಗಿದೆ ಎಂದು ರಾಯರು ಬೀಳ್ಕೊಡುಗೆಯ ಭಾಷಣದಲ್ಲೇ ಹೇಳಿ ಎಲ್ಲರನ್ನೂ ನಗಿಸಿದ್ದರು.

ಆಸೆಗೆ ಅಡ್ಡಿ ಎಂದರೆ ಹೆಂಡತಿ ಅಂಬಾಬಾಯಿ. ಅಡ್ಡಿ ಎನ್ನುವುದೂ ತಪ್ಪು, ಏಕೆಂದರೆ ಮನೆ ಹೆಚ್ಚುಕಡಿಮೆ ಅವರದೇ. ಬೆಳಗಿನ ಅಡಿಗೆ ಮುಗಿಸಿ ಅವರು ಹಾಲಿನಲ್ಲಿ ಜಮಖಾನ ಹಾಸಿದರೆಂದರೆ ಬೀದಿಯ ಹೆಂಗಸರೆಲ್ಲ ಬಂದು ಕೂರುತ್ತಿದ್ದರು. ಅದು ಅವರ ಭಜನಾ ಮಂಡಳಿ. ಕನ್ನಡದ ಮನೆಯವರು ಕೆಲವರು, ಉಳಿದವರೆಲ್ಲ ಎದುರುಮನೆಯ ವಳ್ಳಿಯಮ್ಮನಂಥ ತಮಿಳರು. ಅವರು ಕನ್ನಡದ ದೇವರನಾಮಗಳನ್ನು ತಮಿಳಕ್ಷರದಲ್ಲಿ ಬರೆದುಕೊಂಡು, ಅರ್ಧ ಅರ್ಥವಾಗಿ ಅರ್ಧ ಆಗದೆ, ಪೂರ್ತಿ ಭಕ್ತಿಯಿಂದ ಹಾಡುತ್ತಿದ್ದರು. ಎಲ್ಲರ ಮೇಲೆ ಅಂಬಾಬಾಯಿಯ ಕಂಠ. ದೊಡ್ಡ ಕಂಠ, ಸಂಕೋಚವಿಲ್ಲದ ಕಂಠ. ಒಂದೇ ಕೊರತೆ ಎಂದರೆ ಶ್ರುತಿಪೆಟ್ಟಿಗೆ ಎಲ್ಲಿ ನಿಂತಿರುತ್ತಿತ್ತೋ ಅದಕ್ಕಿಂತ ಕೂದಲೆಳೆಯಷ್ಟು ಕೆಳಗೆ ಅವರು ನಿಲ್ಲುತ್ತಿದ್ದರು. ರಾಯರಿಗೆ ಇದು ಮದುವೆಯಾದ ವಾರದಲ್ಲೇ ತಿಳಿದಿತ್ತು. ಆದರೆ ಹೊಸ ಮದುಮಗನ ಹುಮ್ಮಸ್ಸಿನಲ್ಲಿ ‘ಬಹಳ ಚೆನ್ನಾಗಿ ಹಾಡ್ತೀ’ ಎಂದುಬಿಟ್ಟಿದ್ದರು. ಒಮ್ಮೆ ಹಾಗೆ ಅಂದ ಗಂಡಸಿಗೆ ಆಮೇಲೆ ಹಿಂದಕ್ಕೆ ಬರುವ ದಾರಿಯೇ ಇರುವುದಿಲ್ಲ.

ನಿವೃತ್ತಿಗೆಂದು ಅಳಿಯ ಪ್ರಮೋದ ಮದ್ರಾಸಿನಿಂದ ಒಂದು ಸಿ.ಡಿ. ಪ್ಲೇಯರ್ ತಂದುಕೊಟ್ಟ. ತಟ್ಟೆ ಹಾಕಿದರೆ ತಟ್ಟೆ ತಿರುಗುತ್ತಿತ್ತು, ಶಬ್ದ ಮಾತ್ರ ಇಲ್ಲ. "ಮಾವ, ಇದಕ್ಕೆ ಮೇಜಿನ ಮೇಲಿಡೋ ಕನ್ವರ್ಟರ್ ಅಂತ ಒಂದು ಬೇಕು. ತಟ್ಟೆಯಲ್ಲಿರೋದು ಬರೀ ಲೆಕ್ಕ. ಅದನ್ನ ಸ್ವರ ಮಾಡಿ, ಬಲ ಕೊಟ್ಟು, ಇಯರ್‌ಫೋನಿಗೋ ಸ್ಪೀಕರಿಗೋ ಕಳಿಸೋದು ಆ ಪೆಟ್ಟಿಗೆ. ನಿಮಗೆ ಇಷ್ಟವಾದದ್ದನ್ನ ನೀವೇ ಆರಿಸಿಕೊಳ್ಳಿ" ಎಂದು ಹೇಳಿ ಅವನು ಊರಿಗೆ ಹೋದ.

ಇಯರ್‌ಫೋನಿಗೋ ಸ್ಪೀಕರಿಗೋ ಎಂಬಲ್ಲಿಗೆ ಮನೆಯಲ್ಲಿ ಮಾತುಕತೆ ಶುರುವಾಯಿತು. ಸ್ಪೀಕರುಗಳು ಹಾಲಿನಲ್ಲಿರಬೇಕು, ಹೊಸ ಹಾಡು ಕಲಿಯಲು ಮಂಡಳಿಗೆ ಬೇಕು ಎಂದು ಅಂಬಾಬಾಯಿ. ಇಯರ್‌ಫೋನ್ ಹಿಂದಿನ ಕೋಣೆಯಲ್ಲಿರಬೇಕು, ತಮಗೆ ಬೇಕು ಎಂದು ರಾಯರು. ಕೊನೆಗೆ ಎರಡು ಬಾಯಿಯ ಪೆಟ್ಟಿಗೆಯೇ ಆಗಬೇಕೆಂದು ರಾಜಿಯಾಯಿತು. ಪೆಟ್ಟಿಗೆ ಮೇಜಿನ ಮೇಲಿರಲಿ, ಸ್ಪೀಕರಿನ ವೈರನ್ನು ಕಿಟಕಿಯ ಮೇಲಿಂದ ಹಾಲಿಗೆ ಎಳೆಯೋಣ ಎಂದರು ರಾಯರು. ಇದರಿಂದ ತಮಗೆ ಏನು ಲಾಭ ಎಂಬ ಪೂರ್ತಿ ಯೋಚನೆಯನ್ನು ಅವರು ಹೆಂಡತಿಗೆ ಹೇಳಲಿಲ್ಲ. ಭಜನೆಯ ಹೊತ್ತಿಗೆ ಸರಿಯಾಗಿ ಕಿವಿ ಮುಚ್ಚಿಕೊಂಡು ಕೂರುವುದು ಅವರ ಹುನ್ನಾರ.

ಆಮೇಲೆ ಸೇಲಂ ಪೇಟೆಯ ರೇಡಿಯೋ ಅಂಗಡಿಗಳವರಿಗೆ ಕಷ್ಟಕಾಲ. ಬಟ್ಟೆಯ ಚೀಲದಲ್ಲಿ ಪ್ಲೇಯರ್ ಹೊತ್ತ ರಾಯರು, ಹಿಂದೆ ಅಂಬಾಬಾಯಿ. ಪೆಟ್ಟಿಗೆ ಸಿಕ್ಕಿತೆಂದರೆ ರಾಯರು ಮೊದಲು ಹಾಡು ಹಾಕುತ್ತಿರಲಿಲ್ಲ. ಏನೂ ಹಾಕದೆ ಶಬ್ದದ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ಲೈನಿನ ಗುಣ ಮೌನದಲ್ಲಿ ಗೊತ್ತಾಗುತ್ತದೆ ಎಂಬುದು ಎಕ್ಸ್‌ಚೇಂಜಿನಲ್ಲಿ ಕಲಿತ ಪಾಠ. ಒಂದು ಪೆಟ್ಟಿಗೆ ಇಯರ್‌ಫೋನಿನಲ್ಲಿ ಜೇನು, ಸ್ಪೀಕರಿಗೆ ಕೊಟ್ಟರೆ ಸೊಳ್ಳೆ. ಇನ್ನೊಂದು ಸ್ಪೀಕರಿನಲ್ಲಿ ಗೋಡೆ ನಡುಗಿಸುತ್ತಿತ್ತು, ಇಯರ್‌ಫೋನಿನಲ್ಲಿ ಮಾತ್ರ ಹಿಟ್ಟಿನ ಗಿರಣಿ. ಶೆವ್ವಾಪೇಟೆಯ ಒಬ್ಬ ವ್ಯಾಪಾರಿಯಂತೂ ಇವರನ್ನು ದೂರದಿಂದ ಕಂಡೇ ಊಟಕ್ಕೆ ಎದ್ದುಹೋದ.

ಗಂಡ ಹೆಂಡತಿಗೆ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಸೇಲಂನ ಕನ್ನಡದ ಮನೆಗಳಲ್ಲೆಲ್ಲ ಇದ್ದದ್ದೇ. ವ್ಯಾಪಾರಿಯ ಹತ್ತಿರ ತಮಿಳು, ತಮ್ಮ ತಮ್ಮಲ್ಲಿ ಕನ್ನಡ. ಸೀರೆ ಅಂಗಡಿಯಲ್ಲಿ, ಡಾಕ್ಟರ ಮುಂದೆ, ಟೌನ್ ಬಸ್ಸಿನಲ್ಲಿ, ಎದುರಿಗಿದ್ದವರ ಗುಣದೋಷಗಳನ್ನು ಅವರ ಮುಖದ ಮುಂದೆಯೇ ಆರಾಮವಾಗಿ ವಿಮರ್ಶಿಸಬಹುದು. ಮನೆಗೆ ಬಂದ ತಮಿಳಿನವರ ಕಾಫಿ ಕುಡಿಯುವ ರೀತಿಯ ಬಗ್ಗೆಯೂ ಆ ಮನೆಯಲ್ಲಿ ಹೀಗೆಯೇ ತೀರ್ಮಾನವಾಗಿತ್ತು. ಇಷ್ಟು ವರ್ಷದಲ್ಲಿ ಒಮ್ಮೆಯೂ ಎಡವಟ್ಟಾಗಿರಲಿಲ್ಲ. ಹಾಗಾಗಿ ಎಡವಟ್ಟು ಆಗಬಹುದೆಂಬ ಯೋಚನೆಯೇ ಅವರಿಗೆ ಬಂದಿರಲಿಲ್ಲ.

ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ಹೊಸದಾಗಿ ತೆರೆದ ಅಂಗಡಿಗೆ ಅವರು ಹೋದದ್ದು ಒಂದು ಬುಧವಾರ. ಬಾಗಿಲಲ್ಲಿ ಬೆಂಚಿನ ಮೇಲೆ ಇಬ್ಬರು ಹಳ್ಳಿಯವರು ರಿಪೇರಿಗೆ ತಂದ ರೇಡಿಯೋ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ವಾಂಗ ಸಾರ್, ವಾಂಗಮ್ಮಾ" ಎಂದು ಅಂಗಡಿಯವನು ಹಲ್ಲು ಪೂರ್ತಿ ಕಾಣುವಂತೆ ನಕ್ಕ.

"ಜಾಸ್ತಿ ನಗ್ತಾನೆ ಕಣ್ರೀ. ನಂಬೋ ಹಾಗಿಲ್ಲ" ಎಂದು ಅಂಬಾಬಾಯಿ ಕನ್ನಡದಲ್ಲಿ ಷರಾ ಬರೆದರು.

"ನಗ್ಲಿ ಬಿಡು. ನಾವು ತುಂಬ ಇಷ್ಟಪಟ್ಟ ಹಾಗೆ ತೋರಿಸ್ಕೋಬಾರದು. ನೀನು ಮುಖ ಸ್ವಲ್ಪ ಗಂಟು ಹಾಕ್ಕೊ" ಎಂದರು ರಾಯರು. ಅಂಬಾಬಾಯಿ ಹಾಕಿಕೊಂಡರು.

ಅಂಗಡಿಯವನು ಒಂದೇ ಬಣ್ಣದ, ಒಂದೇ ಗಾತ್ರದ ಎರಡು ಪೆಟ್ಟಿಗೆಗಳನ್ನು ಪಕ್ಕಪಕ್ಕದಲ್ಲಿಟ್ಟ. ಬಲಗಡೆಯದನ್ನು ಮುಟ್ಟಿ "ಇದು ವೀಟ್ಟುಕ್ಕು" ಎಂದ, ಅಂದರೆ ಮನೆಗೆ. ಅದರಲ್ಲಿ ಇಯರ್‌ಫೋನಿನ ಪಿನ್ನು ಚುಚ್ಚಿದರೆ ಸ್ಪೀಕರಿನ ಬಾಯಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಎಡಗಡೆಯದು "ಮಂಡಪತ್ತುಕ್ಕು", ಕಲ್ಯಾಣಮಂಟಪದವರಿಗೆ. ಅದರಲ್ಲಿ ಪಿನ್ನು ಚುಚ್ಚಿದರೂ ಸ್ಪೀಕರು ಕೂಗುತ್ತಲೇ ಇರುತ್ತದೆ, ಏಕೆಂದರೆ ಮೈಕಿನವನು ಕಿವಿಯಲ್ಲಿ ಕೇಳಿ ನೋಡುತ್ತಿರುವಾಗ ಮದುವೆಮನೆಯವರಿಗೂ ಹಾಡು ಕೇಳಿಸುತ್ತಿರಬೇಕು. ರಾಯರಿಗೆ ಇಷ್ಟು ಅಚ್ಚುಕಟ್ಟಾಗಿ ಈ ಊರಿನಲ್ಲಿ ಯಾರೂ ಹೇಳಿರಲಿಲ್ಲ. ಮನೆಯ ಪೆಟ್ಟಿಗೆಯನ್ನೇ ಪರೀಕ್ಷೆಗೆ ತೆಗೆದುಕೊಂಡರು.

ಅಂಗಡಿಯವನು ಅದಕ್ಕೆ ಚುಚ್ಚಿಕೊಟ್ಟದ್ದು ಸಣ್ಣಪುಟ್ಟ ಇಯರ್‌ಫೋನಲ್ಲ. ಮೆತ್ತನೆಯ ದಿಂಬಿನಂಥ ಎರಡು ಬಟ್ಟಲು, ಎರಡೂ ಕಿವಿಯನ್ನು ಬುಡಸಮೇತ ನುಂಗುವಂಥದ್ದು. ರಾಯರು ಹಾಕಿಕೊಂಡರು. ಗುಂಡಿ ತಿರುಗಿಸಿದರು. ಮೌನ. ಬಸ್ ಸ್ಟ್ಯಾಂಡಿನ ಹಾರನ್ನುಗಳು, ಕಂಡಕ್ಟರುಗಳ ಕೂಗು, ಹೂವಿನವಳ ಕೂಗು, ಎಲ್ಲ ಎಲ್ಲಿಗೋ ಹೋಗಿಬಿಟ್ಟವು. ಆಮೇಲೆ ಪಿಟೀಲು ಬಂತು. ಎಡಗಿವಿಗೂ ಬಂತು! ರಾಯರ ಕಣ್ಣು ತುಂಬಿತು. ಎದೆಯಲ್ಲಿದ್ದ ಮಾತೆಲ್ಲ ತಾನಾಗಿ ಎದ್ದುಬಂತು. ಮನಸ್ಸಿನಲ್ಲೇ ಅಂದುಕೊಂಡೆ ಎಂದು ಅವರ ಭಾವನೆ. ಒಂದು ಕಿವಿ ಸದಾ ತೆರೆದಿಟ್ಟುಕೊಂಡು ಬದುಕಿದ ಮನುಷ್ಯನಿಗೆ ಎರಡೂ ಮುಚ್ಚಿದಾಗ ಮನಸ್ಸಿನ ಮಾತು ಯಾವುದು, ಬಾಯಿಯ ಮಾತು ಯಾವುದು ಎಂಬ ಅಂದಾಜೇ ಸಿಗಲಿಲ್ಲ.

"ಅಬ್ಬ, ಬದುಕಿಕೊಂಡೆ!" ಎಂದು ಅವರು ಅಂಗಡಿ ಹಾರಿಹೋಗುವಂತೆ ಕೂಗಿದರು. "ಇನ್ನು ಅಂಬೂ ಎಷ್ಟು ಬೇಕಾದ್ರೂ ಹಾಡ್ಕೊಳ್ಲಿ, ಒಂದಕ್ಷರ ಕಿವಿಗೆ ಬೀಳಲ್ಲ! ಮದುವೆ ಆದಾಗಿನಿಂದ ಅವಳ ಶ್ರುತಿ ಒಂದು ದಿನ ಸೇರಿದ್ದುಂಟಾ?"

ಕಣ್ಣು ಬಿಟ್ಟಾಗ ಅಂಬಾಬಾಯಿ ಎದುರಿಗೇ ನಿಂತಿದ್ದರು. ನಾಟಕಕ್ಕೆಂದು ಗಂಟು ಹಾಕಿಕೊಂಡ ಮುಖದಲ್ಲಿ ಈಗ ನಾಟಕ ಇರಲಿಲ್ಲ. ಬೆಂಚಿನ ಮೇಲಿನ ಇಬ್ಬರೂ ಹೆಗಲ ಮೇಲಿನ ಟವೆಲನ್ನು ಬಾಯಿಗೆ ಒತ್ತಿಕೊಂಡು ಅಲ್ಲಾಡುತ್ತಿದ್ದರು. ರಾಯರು ಬಟ್ಟಲುಗಳನ್ನು ಕಿತ್ತರು. ಇಲ್ಲಿ ಯಾರಿಗೂ ಕನ್ನಡ ಬಾರದಲ್ಲ ಎಂಬ ಒಂದೇ ಧೈರ್ಯ ಉಳಿದಿತ್ತು.

"ಪಾಪ, ಅಮ್ಮಾವ್ರ ಮುಂದೇನೇ ಅಂದ್ಬುಟ್ರಲ್ಲಾ" ಎಂದ ಬೆಂಚಿನವನೊಬ್ಬ ಇನ್ನೊಬ್ಬನಿಗೆ, ಅಚ್ಚ ಕನ್ನಡದಲ್ಲಿ.

ಅಂಗಡಿಯವನು ಇನ್ನೂ ನಗುತ್ತಿದ್ದ. "ತಪ್ಪು ತಿಳ್ಕಾಬ್ಯಾಡಿ ಸಾಮಿ. ನನ್ನೆಸ್ರು ಪುಟ್ಟಪ್ಪ, ನಾವೆಲ್ಲಾ ಪೆನ್ನಾಗರಂ ಕಡೇವ್ರು. ಮನ್ಯಾಗೆ ಕನ್ನಡಾನೇ. ಅಮ್ಮಾವ್ರು ನಾನು ಜಾಸ್ತಿ ನಗ್ತೀನಿ ಅಂದ್ರು. ಏನ್ ಮಾಡ್ಲಿ ಹೇಳಿ, ನಮ್ಮಪ್ಪಂದೂ ಇಂಗೇ, ಸಾವಿನ ಮನೇಗ್ ಓದ್ರೂ ನಗ್ತಿದ್ದ ಅನ್ನಂಗೇ ಕಾಣ್ತಿದ್ದ."

ಅಂಬಾಬಾಯಿ ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿದು ಹೊರಟೇಬಿಟ್ಟರು. ರಾಯರ ಒಂದು ಕಣ್ಣು ಜನದ ನಡುವೆ ಮರೆಯಾಗುತ್ತಿದ್ದ ಹೆಂಡತಿಯ ಬೆನ್ನಿನ ಮೇಲೆ. "ಬೇಗ ಕಟ್ಟಿಕೊಡಪ್ಪ, ಬೇಗ!"

"ಯಾವ್ದು ಸಾಮಿ?"

ರಾಯರು ನೋಡದೆ ಬೆರಳು ಚಾಚಿದರು.

"ಅದಾ? ಅದು ಮಂಟಪದ್ದು ಸಾಮಿ, ನಿಮ್ಗೆ..."

"ಅದೇ, ಅದೇ! ಕಟ್ಟು!"

ಪುಟ್ಟಪ್ಪ ಪೆಟ್ಟಿಗೆ, ಸ್ಪೀಕರು, ಬಟ್ಟಲು ಎಲ್ಲ ಕಟ್ಟಿಕೊಟ್ಟ. ರಾಯರು ಹೊತ್ತು ಓಡುವಷ್ಟರಲ್ಲಿ ಅಂಬಾಬಾಯಿ ಹತ್ತಿದ ಟೌನ್ ಬಸ್ಸು ಹೊರಟುಹೋಗಿತ್ತು.

ಅಂದಿನಿಂದ ಅಂಬಾಬಾಯಿ ಮಾತು ಬಿಟ್ಟರು. ಹೇಳಬೇಕಾದದ್ದನ್ನು ಗೋಡೆಗಡಿಯಾರಕ್ಕೆ ಹೇಳುತ್ತಿದ್ದರು. "ಅನ್ನ ಆಗಿದೆ." "ಹಾಲಿನವನು ಬಂದಿದ್ದಾನೆ." ರಾಯರು ಕ್ಷಮೆ ಕೇಳಿದರು, ಅದನ್ನು ಗಡಿಯಾರವೂ ಕೇಳಿಸಿಕೊಳ್ಳಲಿಲ್ಲ. ಹಾಲಿನಲ್ಲಿ ಜಮಖಾನ ಹಾಸುವುದು ನಿಂತಿತು. ಮಂಡಳಿ ಎದುರುಮನೆಗೆ, ವಳ್ಳಿಯಮ್ಮನ ಮನೆಗೆ ಎದ್ದುಹೋಯಿತು.

ರಾಯರು ಮೊದಲೆರಡು ದಿನ ಪೆಚ್ಚಾಗಿ ಕೂತು, ಆಮೇಲೆ ಬಯಸಿದ್ದಂತೂ ಸಿಕ್ಕಿತಲ್ಲ ಎಂದು ಪೆಟ್ಟಿಗೆ ಜೋಡಿಸಿದರು. ಸ್ಪೀಕರುಗಳನ್ನು ಒಪ್ಪಂದದಂತೆ ಹಾಲಿನಲ್ಲಿ, ಬೀದಿಯ ಕಿಟಕಿಯ ಪಕ್ಕ ಇಟ್ಟರು. ಪ್ಲೇಯರಿನ ಜೊತೆಗೆ ಹಳೆಯ ಟೇಪ್ ರೆಕಾರ್ಡರನ್ನೂ ಸೇರಿಸಿದರು. ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ಬಟ್ಟಲುಗಳನ್ನು ಕಿವಿಗೆ ಏರಿಸಿ ಪಿಟೀಲು ಹಾಕಿದರು. ಮಂಟಪದ ಪೆಟ್ಟಿಗೆ ತನ್ನ ಧರ್ಮವನ್ನು ಬಿಡಲಿಲ್ಲ. ಅವರ ಕಿವಿಯಲ್ಲಿ ಎಷ್ಟು ಪಿಟೀಲು ಇತ್ತೋ ಅಷ್ಟೂ ಹಾಲಿನಿಂದ ಬೀದಿಗೆ ಹರಿಯಿತು. ರಾಯರಿಗೆ ಇದು ಗೊತ್ತಾಗಲೇ ಇಲ್ಲ. ಲೈನು ಕಡಿಯದೆ ಹೆಡ್‌ಸೆಟ್ ಕಳಚುವುದು ಎಕ್ಸ್‌ಚೇಂಜಿನಲ್ಲಿ ದೊಡ್ಡ ಅಪರಾಧ. ಆ ಅಭ್ಯಾಸಕ್ಕೆ ಅವರು ಯಾವಾಗಲೂ ಮೊದಲು ಪೆಟ್ಟಿಗೆಯ ಸ್ವಿಚ್ಚು ಆರಿಸಿ, ಆಮೇಲೆಯೇ ಬಟ್ಟಲು ತೆಗೆಯುತ್ತಿದ್ದರು.

ಬೀದಿಯ ಮೂಲೆಯಲ್ಲಿ ಇಸ್ತ್ರಿ ಮಾಡುವ ಅಣ್ಣಾಮಲೈ ಒಂದು ದಿನ "ನೇತ್ತು ಪಿಟೀಲ್ ರೊಂಬ ನಲ್ಲಾ ಇರುಂದದು ಸಾರ್" ಎಂದ. ನಿನ್ನೆಯ ಪಿಟೀಲು ಇವನಿಗೆ ಹೇಗೆ ಗೊತ್ತು? ಯಾರದೋ ರೇಡಿಯೋ ಕೇಳಿರಬೇಕು ಎಂದುಕೊಂಡು ರಾಯರು ದೊಡ್ಡ ಮನಸ್ಸಿನಿಂದ ತಲೆಯಾಡಿಸಿದರು. ಗೊತ್ತಿದ್ದವರು ಹೇಳಬಹುದಿತ್ತು. ಆದರೆ ಮನೆಯಲ್ಲಿ ಗೊತ್ತಿದ್ದ ಒಬ್ಬರು ಮಾತು ಬಿಟ್ಟಿದ್ದರು.

ವಿಚಿತ್ರವೆಂದರೆ ರಾಯರಿಗೆ ಪಿಟೀಲು ರುಚಿಸಲಿಲ್ಲ. ಲೈನು ಸ್ವಚ್ಛ, ಗಿರಣಿ ಇಲ್ಲ, ಸೊಳ್ಳೆ ಇಲ್ಲ. ಆದರೂ ಏನೋ ಒಂದು ಸರಿಯಿಲ್ಲ. ಪಿಟೀಲೇ ಸ್ವಲ್ಪ ಏರಿದ ಹಾಗೆ, ಕೂದಲೆಳೆಯಷ್ಟು ಮೇಲೆ ನಿಂತ ಹಾಗೆ. ಪ್ಲೇಯರ್ ಕೆಟ್ಟಿರಬಹುದೆಂದು ತಟ್ಟೆ ಬದಲಿಸಿ ನೋಡಿದರು. ಕೊಳಲೂ ಮೇಲೆ, ವೀಣೆಯೂ ಮೇಲೆ.

ಒಂದು ಬೆಳಿಗ್ಗೆ ಬೀದಿಯಲ್ಲಿ ವಳ್ಳಿಯಮ್ಮ ಅವರನ್ನು ತಡೆದು ನಿಲ್ಲಿಸಿದರು. ದಾಸರ ಆರಾಧನೆ ಹತ್ತಿರ ಬಂತು, ಪ್ರತಿವರ್ಷ ಮೊದಲ ಹಾಡು ನಿಮ್ಮ ಮನೆಯಮ್ಮನದೇ. ಈ ಸಲ ಅವರು ಬರುತ್ತಾರೆ, ಕೂರುತ್ತಾರೆ, ತಾಳ ಹಾಕುತ್ತಾರೆ, ಬಾಯಿ ಮಾತ್ರ ತೆರೆಯುವುದಿಲ್ಲ. ಇನ್ನು ಮುಂದೆ ಹಾಡುವುದೇ ಇಲ್ಲ ಅಂತಾರೆ. "ಎನ್ನ ಸಾರ್ ಆಚ್ಚು?" ಎಂದು ಅವರು ಕೇಳಿದರು. ಏನಾಯಿತೆಂದು ರಾಯರು ಹೇಗೆ ಹೇಳಿಯಾರು? ತಮ್ಮ ಮೇಲೆ ಸಿಟ್ಟು ಮಾಡಿಕೊಂಡು ಅವಳು ಬೇರೆ ಕಡೆ ಹಾಡುತ್ತಿದ್ದಾಳೆ ಎಂದೇ ಅವರು ತಿಳಿದಿದ್ದರು. ಅಷ್ಟು ದೊಡ್ಡ ಕಂಠವನ್ನು ತಮ್ಮ ಒಂದು ಮಾತು ಮುಚ್ಚಿಸಿಬಿಟ್ಟಿದೆ ಎಂದು ಗೊತ್ತಾದಾಗ ಅವರಿಗೆ ನಿಜವಾಗಿಯೂ ನೋವಾಯಿತು. ಮನೆಗೆ ಬಂದು ಕೂತರು. ಅಡಿಗೆಮನೆಯಲ್ಲಿ ಒಗ್ಗರಣೆಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಮನೆ ಎನ್ನುವುದು ಹೀಗೆ ಇರುತ್ತದೆಯೇ ಎಂದು ಅವರಿಗೆ ದಿಗಿಲಾಯಿತು.

ಮಾರನೆಯ ದಿನ ಅಂಬಾಬಾಯಿ ಎದುರುಮನೆಗೆ ಹೋದಮೇಲೆ ರಾಯರು ಬೀರುವಿನಿಂದ ಒಂದು ಕ್ಯಾಸೆಟ್ ಹುಡುಕಿ ತೆಗೆದರು. ಮಗಳು ಆರತಿ ಬಾಣಂತನಕ್ಕೆ ಬಂದಿದ್ದಾಗ, ಅಮ್ಮ ಮಗುವನ್ನು ಮಲಗಿಸುತ್ತ ಹಾಡುತ್ತಿದ್ದುದನ್ನು ಗೊತ್ತಿಲ್ಲದ ಹಾಗೆ ರೆಕಾರ್ಡ್ ಮಾಡಿಟ್ಟಿದ್ದಳು. ರಾಯರು ಬಾಗಿಲು ಹಾಕಿದರು, ಪಿನ್ನು ಚುಚ್ಚಿದರು, ಬಟ್ಟಲು ಏರಿಸಿದರು. ಕಳ್ಳತನದಲ್ಲಿ ಕೇಳುತ್ತಿದ್ದೇನೆ ಎಂಬ ನಾಚಿಕೆ ಬೇರೆ.

ಮೊದಲು ಕುಕ್ಕರ್ ಕೂಗಿತು. ಮಗು ಕೇಕೆ ಹಾಕಿತು. ಆಮೇಲೆ ಅಂಬಾಬಾಯಿ ಹಾಡಿದರು. ಕೂದಲೆಳೆಯಷ್ಟು ಕೆಳಗೆ, ಎಂದಿನ ಜಾಗದಲ್ಲಿ, ಅಲ್ಲಾಡದೆ. ರಾಯರ ಬೆನ್ನು ತಾನಾಗಿಯೇ ಕುರ್ಚಿಗೆ ಒರಗಿತು. ಸರಿಹೋಯಿತು. ಇಷ್ಟು ದಿನ ಪಿಟೀಲು ಏರಿದ್ದೇಕೆಂದು ಆಗ ಅವರಿಗೆ ತಿಳಿಯಿತು. ಪಿಟೀಲು ಎಲ್ಲಿರಬೇಕೋ ಅಲ್ಲೇ ಇತ್ತು. ಇವರ ಕಿವಿಯೇ ಅಂಬಾಬಾಯಿ ನಿಂತ ಕಡೆ ಮನೆಮಾಡಿ ಎಷ್ಟೋ ವರ್ಷವಾಗಿತ್ತು.

"ಇಲ್ಲೇ ಕಣೇ ಷಡ್ಜ ಇರೋದು!" ಎಂದು ರಾಯರು ಮನಸ್ಸಿನಲ್ಲೇ ಅಂದುಕೊಂಡರು. ಅಂದರೆ ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು. "ನಾನು ಕತ್ತೆ ಕಣೇ ಅಂಬೂ! ನೀನು ಹಾಡದೇ ಹೋದ್ರೆ ನಂಗೆ ಸಿ.ಡಿ.ನೂ ಬೇಡ, ಪಿಟೀಲೂ ಬೇಡ! ಪೆಟ್ಟಿಗೆ ತಗೊಂಡು ಹೋಗಿ ಕೆರೆಗೆ ಎಸೀತೀನಿ!" ಅಷ್ಟಕ್ಕೇ ಸುಮ್ಮನಾಗದೆ, ಹಾಡಿನ ಎರಡನೆಯ ನುಡಿಗೆ ತಾವೂ ದನಿ ಸೇರಿಸಿದರು. ಟೇಪಿನ ಅಂಬಾಬಾಯಿ ಹಾಲಿನ ಸ್ಪೀಕರಿನಿಂದ, ಖುದ್ದು ರಾಯರು ಹಿಂದಿನ ಕೋಣೆಯಿಂದ, ಇಬ್ಬರೂ ಸೇರಿ ಅಗ್ರಹಾರವನ್ನು ತುಂಬಿದರು.

ಹಾಡಿನ ಮಧ್ಯೆ ಯಾರೋ ಅವರ ಎಡಗಿವಿಯ ಬಟ್ಟಲನ್ನು ಮೆಲ್ಲನೆ ಎತ್ತಿದರು. ಎತ್ತಿದ ಕ್ಷಣ ಹಾಲಿನಿಂದ ಅದೇ ಹಾಡು, ಅದೇ ಕುಕ್ಕರು, ಅದೇ ಮಗು, ಎಡಗಿವಿಗೆ ಧಡಕ್ಕನೆ ಹೊಡೆಯಿತು. ರಾಯರು ಗಾಬರಿಯಾಗಿ ತಿರುಗಿದರು. ಬಾಗಿಲ ತುಂಬ ಮಂಡಳಿಯ ಹೆಂಗಸರು. ವಳ್ಳಿಯಮ್ಮ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದರು. ಕಿವಿಯ ಪಕ್ಕದಲ್ಲಿ ಅಂಬಾಬಾಯಿ.

"ಏನ್ರೀ, ನಿಮ್ಮ ಶ್ರುತಿ ಸೇರ್ತಾ ಇಲ್ಲ" ಎಂದರು ಅಂಬಾಬಾಯಿ. ಗಡಿಯಾರಕ್ಕಲ್ಲ, ಗಂಡನಿಗೆ.

ರಾಯರು ಹಾಲಿನ ಕಡೆ ಬೆರಳು ಮಾಡಿ, "ಇದು... ಇದು ಯಾವಾಗಿನಿಂದ ಹೀಗೆ?" ಎಂದರು.

"ಮೊದಲ ದಿನದಿಂದ."

"ಹೇಳಬಾರದಾಗಿತ್ತಾ?"

"ಮಾತು ಬಿಟ್ಟಿದ್ದೆನಲ್ಲ, ಹೇಗೆ ಹೇಳೋದು?"

ಆರಾಧನೆಯ ದಿನ ಮೊದಲ ಹಾಡು ಅಂಬಾಬಾಯಿಯದೇ ಆಯಿತು. ಶ್ರುತಿಪೆಟ್ಟಿಗೆಯ ಹಿಂದೆ ರಾಯರನ್ನು ಕೂರಿಸಿದ್ದರು. ಶ್ರುತಿಪೆಟ್ಟಿಗೆ ತನ್ನ ಪಾಡಿಗೆ ತಾನಿತ್ತು, ಅಂಬಾಬಾಯಿ ತಮ್ಮ ಪಾಡಿಗೆ ತಾವಿದ್ದರು, ರಾಯರು ಹೆಂಡತಿಯ ಕಡೆಗೇ ತಲೆದೂಗಿದರು.

ಅದಾದ ಕೆಲವು ದಿನಕ್ಕೆ ಪುಟ್ಟಪ್ಪ ಸೈಕಲ್ ಕ್ಯಾರಿಯರಿನಲ್ಲಿ ಇನ್ನೊಂದು ಪೆಟ್ಟಿಗೆ ಕಟ್ಟಿಕೊಂಡು ಮನೆ ಹುಡುಕಿಕೊಂಡು ಬಂದ. "ಸಾಮಿ, ಅವತ್ತು ಅರ್ಜೆಂಟ್ನಾಗೆ ಮಂಟಪದ್ದು ಒತ್ಕೊಂಡ್ ಬಂದ್ಬುಟ್ರಿ. ಮನೇದು ತಂದಿವ್ನಿ, ಬದ್ಲಾಯಿಸ್ಕಳಿ. ಇದ್ರಾಗೆ ಪಿನ್ನಾಕಿದ್ರೆ ಆಚೆ ಒಂದು ಸದ್ದೂ ಓಗಕಿಲ್ಲ."

ರಾಯರು ಸಂತೋಷದಿಂದ ಎದ್ದರು. ಅಷ್ಟರಲ್ಲಿ ಅಂಬಾಬಾಯಿ ಕಾಫಿ ತಂದು ಪುಟ್ಟಪ್ಪನ ಕೈಗೆ ಕೊಟ್ಟರು.

"ಬೇಡಪ್ಪ, ಅದನ್ನ ನೀನೇ ವಾಪಸ್ ತಗೊಂಡು ಹೋಗು" ಎಂದರು. "ಇವರು ಮನಸ್ಸಿನಲ್ಲಿರೋದನ್ನ ಹೇಳೋದು ಕಿವಿ ಮುಚ್ಚಿಕೊಂಡಾಗ ಮಾತ್ರ. ಆಗ ಏನು ಕೇಳ್ತಿರ್ತಾರೆ ಅನ್ನೋದು ನನಗೂ ಗೊತ್ತಾಗ್ತಿರಲಿ."

ಪುಟ್ಟಪ್ಪ ರಾಯರ ಮುಖ ನೋಡಿದ. ರಾಯರು ಮತ್ತೆ ಕೂತುಕೊಂಡರು. ಅವನು ಕಾಫಿ ಮುಗಿಸಿ, ಎಂದಿಗಿಂತ ಸ್ವಲ್ಪ ಜಾಸ್ತಿಯೇ ನಗುತ್ತ, ಪೆಟ್ಟಿಗೆಯನ್ನು ಮತ್ತೆ ಸೈಕಲ್ಲಿಗೆ ಕಟ್ಟಿದ.